ಹಸಿರು ಗುರುತು ಮತ್ತು ಆರೋಗ್ಯದ ದಾಖಲೆಗಳು

ಆರೋಗ್ಯವೇ ಭಾಗ್ಯವೆಂಬ ಮಾತು ಎಲ್ಲರಿಗೂ ತಿಳಿದುದೇ ಆಗಿದೆ. ಆದರೆ ಆರೋಗ್ಯದ ದಾಖಲೆಯೂ ಒಂದು ಭಾಗ್ಯವೆಂಬುದು ಕಾಯಿಲೆ ಬಂದು ವೈದ್ಯರ ಮುಂದೆ ಕುಳಿತಾಗಲೇ ಅರಿವಿಗೆ ಬರುತ್ತದೆ. ಎದೆನೋವೆಂದು ಬಂದ ರೋಗಿಯ ಇ.ಸಿ.ಜಿ.ಯಲ್ಲಿ ವ್ಯತ್ಯಾಸ ಕಂಡಾಗ, ಅದು ಈಗ ಉಂಟಾದುದೋ ವರ್ಷಗಳಿಂದ ಇದ್ದುದೋ ಎಂದು ನಿರ್ಣಯಿಸಲು ಹಿಂದಿನ ಇ.ಸಿ.ಜಿ. ವೈದ್ಯರಿಗೆ ಬಹಳ ನೆರವಾಗುತ್ತದೆ. ರಕ್ತದಲ್ಲಿ ಕ್ರಿಯಾಟಿನಿನ್ ಹೆಚ್ಚಾಗಿದ್ದರೆ, ಮೂತ್ರಪಿಂಡದ ತೊಂದರೆ ಹೊಸದೋ ಹಳೆಯದೋ ಎಂಬುದಕ್ಕೆ ಹಳೆಯ ವರದಿಯೇ ಮುಖ್ಯ ಸಾಕ್ಷಿ. ರೋಗಿಗೆ ಯಾವ ಔಷಧಿ ಒಗ್ಗುವುದಿಲ್ಲ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಅವರು ಸೇವಿಸುತ್ತಿದ್ದಾರೆಯೇ ಎಂಬ ಎರಡು ಸಂಗತಿಗಳು ತಿಳಿಯದಿದ್ದರೆ ಶಸ್ತ್ರಚಿಕಿತ್ಸೆಯಂತಹ ಸಂದರ್ಭದಲ್ಲಿ ಪ್ರಾಣಕ್ಕೇ ಅಪಾಯವಾಗಬಹುದು.

ಹೈದರಾಬಾದಿನ ಕನ್ನಡ ಕುಟುಂಬಗಳಲ್ಲಿ ಈ ದಾಖಲೆಗಳ ಗಂಟು ಇನ್ನೂ ತುಸು ದೊಡ್ಡದು. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದುವು. ರಾಜ್ಯ ಬೇರೆಯಾದರೂ ಬಾಂಧವ್ಯ ಕಡಿಯಲಿಲ್ಲ. ದೊಡ್ಡ ಕಾಯಿಲೆ ಬಂದಾಗ ಆ ಕಡೆಯ ಅನೇಕ ಬಂಧುಗಳು ಇಂದಿಗೂ ಚಿಕಿತ್ಸೆಗೆಂದು ಈ ನಗರಕ್ಕೇ ಬರುತ್ತಾರೆ. ಊರಿನ ವೈದ್ಯರು ಕೊಟ್ಟ ಚೀಟಿ, ಇಲ್ಲಿನ ಆಸ್ಪತ್ರೆಯ ಡಿಸ್ಚಾರ್ಜ್ ಪತ್ರ, ಪ್ರಯೋಗಾಲಯದವರು ವಾಟ್ಸಾಪಿನಲ್ಲಿ ಕಳುಹಿಸಿದ ರಕ್ತಪರೀಕ್ಷೆಯ ವರದಿ, ಸಿ.ಡಿ.ಯಲ್ಲಿ ಕೊಟ್ಟ ಸ್ಕ್ಯಾನ್ ಚಿತ್ರಗಳು, ಹೀಗೆ ಒಬ್ಬರ ಆರೋಗ್ಯದ ಚರಿತ್ರೆ ನಾಲ್ಕು ಕಡೆ ಚದುರಿರುತ್ತದೆ. ಕಾಗದಗಳನ್ನು ಬೀರುವಿನಲ್ಲಿಟ್ಟು ನಿಶ್ಚಿಂತರಾಗಿರುವಂತೆಯೂ ಇಲ್ಲ. 2020ರ ಅಕ್ಟೋಬರ್ 13 ಮತ್ತು 14ರಂದು ಸುರಿದ ಭಾರೀ ಮಳೆಗೆ ನಗರದ ಅನೇಕ ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿದುದನ್ನು ಇಲ್ಲಿನವರು ಮರೆತಿಲ್ಲ.

ಆದುದರಿಂದ ಬಹುಮಂದಿ ಈಗ ದಾಖಲೆಗಳ ಪ್ರತಿಯನ್ನು ಒನ್‌ಡ್ರೈವ್, ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್ ಮೊದಲಾದ ಕ್ಲೌಡ್ ಸಂಗ್ರಹಗಳಲ್ಲಿ ಇಡುತ್ತಿದ್ದಾರೆ. ಕ್ಲೌಡ್ ಎಂದರೆ ಆಕಾಶದ ಮೋಡವಲ್ಲ; ದೊಡ್ಡ ಕಟ್ಟಡಗಳಲ್ಲಿ ಹಗಲಿರುಳು ಓಡುವ ಕಂಪ್ಯೂಟರುಗಳ ಸಮೂಹ. ಅಮೆಜಾನ್ ವೆಬ್ ಸರ್ವಿಸಸ್ ಸಂಸ್ಥೆಯು 2022ರ ನವೆಂಬರಿನಲ್ಲಿ ಇಂತಹ ಕೇಂದ್ರಗಳ ಒಂದು ವಲಯವನ್ನು ಹೈದರಾಬಾದಿನಲ್ಲಿಯೇ ಆರಂಭಿಸಿತು. ಮನೆಯ ಕಂಪ್ಯೂಟರಿನಲ್ಲಿರುವ ಫೈಲಿಗೂ ದೂರದ ಕೇಂದ್ರದಲ್ಲಿರುವ ಅದರ ಪ್ರತಿಗೂ ವ್ಯತ್ಯಾಸ ಬಾರದಂತೆ ಸದಾ ಸರಿಹೊಂದಿಸುವ ಕೆಲಸಕ್ಕೆ 'ಸಿಂಕ್' ಎಂದು ಹೆಸರು. ಆ ಕೆಲಸ ಮುಗಿದಿದೆಯೇ, ನಡೆಯುತ್ತಿದೆಯೇ, ನಿಂತಿದೆಯೇ ಎಂಬುದನ್ನು ಫೈಲಿನ ಪಕ್ಕದಲ್ಲಿ ಕಾಣುವ ಒಂದು ಸಣ್ಣ ಗುರುತು ಸೂಚಿಸುತ್ತದೆ. ಈ ಗುರುತು ತಪ್ಪಾದಾಗ ಏನು ಮಾಡಬೇಕು, ಏನು ಮಾಡಬಾರದು ಎಂಬುದೇ ಈ ಲೇಖನದ ವಿಷಯ.

ಗುರುತು ಬೇರೆ, ಫೈಲು ಬೇರೆ

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದ್ ನಗರವನ್ನು ಕೊಚ್ಚಿತು. ಆ ತರುವಾಯ ಪ್ರವಾಹ ತಡೆಯುವ ಯೋಜನೆ ರೂಪಿಸಲು ಬಂದವರು ಕನ್ನಡಿಗರೇ ಆದ ಎಂ. ವಿಶ್ವೇಶ್ವರಯ್ಯನವರು. ಅವರ ಸಲಹೆಯಂತೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎಂಬ ಎರಡು ಜಲಾಶಯಗಳು ನಿರ್ಮಾಣವಾದುವು. ಇಂತಹ ಜಲಾಶಯದಲ್ಲಿ ನೀರಿನ ಮಟ್ಟವನ್ನು ತೋರಿಸುವ ಅಳತೆಪಟ್ಟಿ ಇರುತ್ತದೆ. ಪಟ್ಟಿ ನೀರಿನ ವಿಷಯವನ್ನು ಹೇಳುತ್ತದೆಯೇ ಹೊರತು ಪಟ್ಟಿಯೇ ನೀರಲ್ಲ. ಪಟ್ಟಿಯ ಮೇಲೆ ಕೆಸರು ಮೆತ್ತಿದ್ದರೆ ಅಂಕಿ ತಪ್ಪಾಗಿ ಕಾಣಬಹುದು; ಆಗ ನೀರು ಸರಿಯಾಗಿಯೇ ಇರುತ್ತದೆ. ಪಟ್ಟಿ ಸ್ವಚ್ಛವಾಗಿದ್ದು ನೀರೇ ಇಳಿದಿರಲೂಬಹುದು. ಮೊದಲನೆಯದು ಅಳತೆಯ ದೋಷ, ಎರಡನೆಯದು ನಿಜವಾದ ಕೊರತೆ.

ಕ್ಲೌಡ್ ಸಂಗ್ರಹದ ಗುರುತಿಗೂ ಈ ಮಾತು ಅನ್ವಯಿಸುತ್ತದೆ. ಫೈಲು ಸುರಕ್ಷಿತವಾಗಿ ತಲುಪಿದ್ದರೂ 'ತಲುಪಿಲ್ಲ' ಎನ್ನುವ ಕೆಂಪು ಗುರುತು ಉಳಿದುಬಿಡಬಹುದು. ಇದರಿಂದ ಆಗುವುದು ಬರಿಯ ಕಳವಳ. ಫೈಲು ತಲುಪದಿದ್ದರೂ ಮನೆಯವರು ತಲುಪಿದೆಯೆಂದು ಭಾವಿಸಬಹುದು. ಇದರಿಂದ ಆಗುವುದು ನಷ್ಟ. ಆದುದರಿಂದ ಗುರುತನ್ನು ಸರಿಪಡಿಸಲು ಹೊರಡುವ ಮೊದಲು ಇವೆರಡರಲ್ಲಿ ಯಾವುದು ಸಂಭವಿಸಿದೆ ಎಂದು ತಿಳಿಯುವುದು ಅತ್ಯಗತ್ಯ. ಜ್ವರವಿದೆಯೇ ಅಥವಾ ಥರ್ಮಾಮೀಟರೇ ಕೆಟ್ಟಿದೆಯೇ ಎಂದು ನೋಡದೆ ಔಷಧಿ ಕೊಡುವ ವೈದ್ಯರು ಯಾರೂ ಇಲ್ಲವಷ್ಟೆ.

ಲಕ್ಷಣಗಳು

ವಿಂಡೋಸ್ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಒನ್‌ಡ್ರೈವ್ ತೋರಿಸುವ ಗುರುತುಗಳನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇತರ ಸಂಗ್ರಹಗಳಲ್ಲಿ ಬಣ್ಣ, ಆಕಾರ ತುಸು ಬೇರೆಯಾದರೂ ತತ್ವ ಒಂದೇ.

ನೀಲಿ ಗೆರೆಯ ಮೋಡದ ಚಿತ್ರವಿದ್ದರೆ ಫೈಲು ಕ್ಲೌಡಿನಲ್ಲಿ ಮಾತ್ರ ಇದೆ, ಕಂಪ್ಯೂಟರಿನಲ್ಲಿ ಇರುವುದು ಅದರ ಹೆಸರಷ್ಟೇ ಎಂದರ್ಥ. ಅದನ್ನು ತೆರೆಯಲು ಇಂಟರ್‌ನೆಟ್ ಬೇಕೇ ಬೇಕು. ಬಿಳಿಯ ವೃತ್ತದೊಳಗೆ ಹಸಿರು ಸರಿಗುರುತು ಇದ್ದರೆ ಫೈಲು ಸದ್ಯಕ್ಕೆ ಕಂಪ್ಯೂಟರಿನಲ್ಲಿಯೂ ಇದೆ. ಆದರೆ ಜಾಗ ಸಾಲದೆ ಹೋದಾಗ ಮತ್ತೆ ಮೋಡದ ಸ್ಥಿತಿಗೆ ಹೋಗಬಹುದು. ತುಂಬಿದ ಹಸಿರು ವೃತ್ತದೊಳಗೆ ಬಿಳಿಯ ಸರಿಗುರುತು ಇದ್ದರೆ ಫೈಲು ಸದಾಕಾಲ ಕಂಪ್ಯೂಟರಿನಲ್ಲಿಯೂ ಉಳಿಯುತ್ತದೆ. ನೀಲಿ ಬಾಣಗಳು ಸುತ್ತುತ್ತಿದ್ದರೆ ಕೆಲಸ ಇನ್ನೂ ನಡೆಯುತ್ತಿದೆ. ಕೆಂಪು ವೃತ್ತದಲ್ಲಿ ಬಿಳಿಯ ಅಡ್ಡಗುರುತು ಇದ್ದರೆ ಏನೋ ಅಡ್ಡಿಯಾಗಿದೆ.

ಅನೇಕ ವೇಳೆ ಗುರುತು ಸರಿಯಾಗಿಯೇ ಇದ್ದು, ನೋಡಿದವರ ತಿಳಿವಳಿಕೆ ತಪ್ಪಾಗಿರುತ್ತದೆ. ನೀಲಿ ಮೋಡವನ್ನು ದೋಷವೆಂದು ಭಾವಿಸಿ ಫೈಲನ್ನು ಅಳಿಸುವವರಿದ್ದಾರೆ. ಹಾಗೆ ಅಳಿಸಿದರೆ ಕ್ಲೌಡಿನ ಪ್ರತಿಯೂ ಅಳಿಯುತ್ತದೆ. ಅಂತೆಯೇ ಹಸಿರು ಸರಿಗುರುತನ್ನು ಕಂಡು, ಆಸ್ಪತ್ರೆಯಲ್ಲಿ ಮೊಬೈಲ್ ತೆರೆದ ಕೂಡಲೇ ವರದಿ ಸಿಗುವುದೆಂದು ನಂಬುವವರೂ ಇದ್ದಾರೆ. ಆ ಗುರುತು ಹೇಳುವುದು ಮನೆಯ ಕಂಪ್ಯೂಟರಿನ ಸಂಗತಿಯನ್ನೇ ಹೊರತು ಮೊಬೈಲಿನದನ್ನಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಸಿಗ್ನಲ್ ಸಿಗದಿದ್ದರೆ, ಮೊಬೈಲಿನೊಳಗೆ ಇಳಿಸಿಕೊಂಡಿರದ ವರದಿ ತೆರೆಯುವುದಿಲ್ಲ.

ನಿದಾನ

ನಿದಾನವೆಂದರೆ ಕಾರಣವನ್ನು ಕಂಡುಹಿಡಿಯುವುದು. ಇದಕ್ಕೆ ಮೂರು ಸುಲಭ ಪರೀಕ್ಷೆಗಳಿವೆ.

ಮೊದಲನೆಯ ಪರೀಕ್ಷೆ: ಕಂಪ್ಯೂಟರಿನ ಫೋಲ್ಡರನ್ನು ಬಿಟ್ಟು, ಬ್ರೌಸರಿನಲ್ಲಿ ಆಯಾ ಸಂಗ್ರಹದ ಜಾಲತಾಣವನ್ನು ತೆರೆದು ಅಲ್ಲಿ ಫೈಲು ಇದೆಯೇ ಎಂದು ನೋಡಬೇಕು. ಹೆಸರಿದ್ದರೆ ಸಾಲದು. ತಿದ್ದಿದ ದಿನಾಂಕವನ್ನು ನೋಡಿ, ಗಾತ್ರವನ್ನು ಹೋಲಿಸಿ, ಫೈಲನ್ನು ತೆರೆದು ಕೊನೆಯ ಪುಟದವರೆಗೆ ಕಣ್ಣಾಡಿಸಬೇಕು. ಜಾಲತಾಣದಲ್ಲಿ ಎಲ್ಲವೂ ಸರಿಯಾಗಿದ್ದರೆ ದೋಷ ಗುರುತಿನದು ಮಾತ್ರ.

ಎರಡನೆಯ ಪರೀಕ್ಷೆ: ಆ ದಿನದ ತಾರೀಖು, ವೇಳೆಗಳನ್ನು ಬರೆದ ಒಂದು ಸಾಲಿನ ಸಣ್ಣ ಫೈಲನ್ನು ಅದೇ ಫೋಲ್ಡರಿನಲ್ಲಿ ಇಟ್ಟು, ಸ್ವಲ್ಪ ಹೊತ್ತಿನ ಮೇಲೆ ಅದೇ ಖಾತೆಯಿರುವ ಮೊಬೈಲಿನಲ್ಲಿ ನೋಡಬೇಕು. ಅದು ಕಂಡರೆ ಸಿಂಕ್ ವ್ಯವಸ್ಥೆ ಜೀವಂತವಾಗಿದೆ. ಒಂದು ನಿರ್ದಿಷ್ಟ ಫೈಲಿಗೆ ಮಾತ್ರ ತೊಂದರೆಯಾಗಿದೆ ಎಂದು ತಿಳಿಯಬೇಕು. ಅದೂ ಕಾಣದಿದ್ದರೆ ಇಡೀ ವ್ಯವಸ್ಥೆಯೇ ನಿಂತಿದೆ.

ಮೂರನೆಯ ಪರೀಕ್ಷೆ: ಖಾತೆ ಯಾರದು ಎಂಬುದನ್ನು ನೋಡಬೇಕು. ಮಗನು ಕಂಪ್ಯೂಟರನ್ನು ಕೊಡಿಸಿ ತನ್ನ ಖಾತೆಯನ್ನೇ ಅದರಲ್ಲಿ ಹಾಕಿಕೊಟ್ಟಿರುತ್ತಾನೆ. ತಂದೆಯ ಮೊಬೈಲಿನಲ್ಲಿ ತಂದೆಯದೇ ಬೇರೆ ಖಾತೆ ಇರುತ್ತದೆ. ಕಂಪ್ಯೂಟರಿನಲ್ಲಿ ಹಸಿರು ಗುರುತು ಬಂದರೂ ಮೊಬೈಲಿನಲ್ಲಿ ಫೈಲು ಕಾಣುವುದಿಲ್ಲ. ಇಲ್ಲಿ ಗುರುತೂ ಸುಳ್ಳಲ್ಲ, ಸಿಂಕ್ ಕೂಡ ಕೆಟ್ಟಿಲ್ಲ. ವಿಳಾಸ ಮಾತ್ರ ಬೇರೆ.

ಸಿಂಕ್ ನಿಜವಾಗಿಯೂ ನಿಂತಿದ್ದರೆ ಕಾರಣಗಳು ಬಹುತೇಕ ಸಾಮಾನ್ಯವಾದುವೇ. ಜಾಗ ತುಂಬಿರುವುದು ಮೊದಲನೆಯದು. ಉಚಿತವಾಗಿ ದೊರೆಯುವ ಜಾಗ ಒನ್‌ಡ್ರೈವಿನಲ್ಲಿ 5 ಜಿ.ಬಿ.; ಗೂಗಲ್ ಖಾತೆಯಲ್ಲಿ 15 ಜಿ.ಬಿ. ಇದ್ದರೂ ಅದನ್ನು ಜಿಮೇಲ್, ಫೋಟೋಗಳು, ಡ್ರೈವ್ ಮೂರೂ ಹಂಚಿಕೊಳ್ಳುತ್ತವೆ. ಮೊಮ್ಮಕ್ಕಳ ವಿಡಿಯೋಗಳು ಜಾಗವನ್ನು ತುಂಬಿದ ಮೇಲೆ ಅಜ್ಜನ ಸ್ಕ್ಯಾನ್ ಚಿತ್ರಗಳಿಗೆ ಸ್ಥಳ ಎಲ್ಲಿಯದು? ಹೆಸರಿನ ದೋಷ ಎರಡನೆಯದು. ಒನ್‌ಡ್ರೈವಿನಲ್ಲಿ ಫೈಲಿನ ಹೆಸರಿನೊಳಗೆ ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಚಿಹ್ನೆ, ಓರೆಗೆರೆ, ಎರಡು ಚುಕ್ಕೆಯ ವಿವರಣಾ ಚಿಹ್ನೆ ಇರಕೂಡದು. ಓರೆಗೆರೆ ಹಾಕಿ ತಾರೀಖು ಬರೆಯುವ ನಮ್ಮವರ ರೂಢಿ ಕಾಗದಕ್ಕೆ ಸರಿ, ಫೈಲಿನ ಹೆಸರಿಗೆ ಸಲ್ಲದು. ಫೋಲ್ಡರಿನೊಳಗೆ ಫೋಲ್ಡರು ಸೇರಿ ವಿಳಾಸ ತೀರಾ ಉದ್ದವಾದರೂ ಫೈಲು ನಿಲ್ಲುತ್ತದೆ. ಫೈಲನ್ನು ಇನ್ನೊಂದು ಪ್ರೋಗ್ರಾಂ ತೆರೆದು ಹಿಡಿದಿರುವುದು, ಪಾಸ್‌ವರ್ಡ್ ಬದಲಾಯಿಸಿದ ಮೇಲೆ ಮತ್ತೆ ಲಾಗಿನ್ ಆಗದಿರುವುದು, ಬ್ಯಾಟರಿ ಉಳಿತಾಯದ ಸ್ಥಿತಿಯಲ್ಲಿ ಸಿಂಕ್ ತಾನಾಗಿಯೇ ತಡೆದು ನಿಲ್ಲುವುದು ಇವು ಉಳಿದ ಕಾರಣಗಳು.

ಕೆಲವೊಮ್ಮೆ ಅದು ನಿಂತಿರುವುದಿಲ್ಲ, ನಿಧಾನವಾಗಿರುತ್ತದೆ ಅಷ್ಟೆ. 600 ಎಂ.ಬಿ. ಗಾತ್ರದ ಸ್ಕ್ಯಾನ್ ಸಿ.ಡಿ.ಯನ್ನು ಮೇಲೇರಿಸಲು ಸೆಕೆಂಡಿಗೆ 10 ಮೆಗಾಬಿಟ್ ವೇಗದಲ್ಲಿ 8 ನಿಮಿಷ ಸಾಕು; ವೇಗ 1 ಮೆಗಾಬಿಟ್‌ಗೆ ಇಳಿದರೆ 80 ನಿಮಿಷ ಬೇಕು. ಅಂತಹ ಸಿ.ಡಿ.ಯಲ್ಲಿ ನೂರಾರು ಚಿಕ್ಕ ಫೈಲುಗಳಿರುವುದರಿಂದ ಇನ್ನೂ ತಡವಾಗಬಹುದು. ಅವನ್ನೆಲ್ಲ ಒಂದೇ ಜಿಪ್ ಫೈಲಾಗಿ ಕಟ್ಟಿ ಕಳುಹಿಸುವುದು ಲೇಸು.

ಎಲ್ಲಕ್ಕಿಂತ ಅಪಾಯದ ಸಂಗತಿ ಗುರುತೇ ಇಲ್ಲದಿರುವುದು. ವಾಟ್ಸಾಪಿನಲ್ಲಿ ಬಂದ ವರದಿ, ಡೌನ್‌ಲೋಡ್ ಫೋಲ್ಡರಿಗೆ ಇಳಿದ ಬಿಲ್ಲು ಮುಂತಾದುವು ಸಿಂಕ್ ಆಗುವ ಫೋಲ್ಡರಿನ ಹೊರಗೇ ಉಳಿದಿರಬಹುದು. ಕೆಂಪು ಗುರುತಾದರೂ ಎಚ್ಚರಿಸುತ್ತದೆ. ಇಲ್ಲದ ಗುರುತು ಯಾರನ್ನೂ ಎಚ್ಚರಿಸುವುದಿಲ್ಲ.

ಚಿಕಿತ್ಸೆ

ಚಿಕಿತ್ಸೆಯ ಮೊದಲ ಸೂತ್ರವೆಂದರೆ ರೋಗಿಗೆ ಕೇಡಾಗಬಾರದು. ಇಲ್ಲಿ ರೋಗಿ ಎಂದರೆ ಫೈಲು, ಗುರುತಲ್ಲ. ಆದುದರಿಂದ ಸೌಮ್ಯವಾದ ಉಪಾಯದಿಂದ ಆರಂಭಿಸಿ, ಅದು ಫಲಿಸದಿದ್ದಾಗ ಮಾತ್ರ ಮುಂದಿನ ಹೆಜ್ಜೆಗೆ ಹೋಗಬೇಕು.

1. ಯಾವುದಕ್ಕೂ ಮೊದಲು ಮುಖ್ಯವಾದ ಫೋಲ್ಡರನ್ನು ಒಂದು ಪೆನ್‌ಡ್ರೈವಿಗೆ ನಕಲು ಮಾಡಬೇಕು. ನಕಲಾದ ಫೈಲುಗಳಲ್ಲಿ ನಾಲ್ಕಾರನ್ನು ತೆರೆದು ನೋಡಬೇಕು. ಈ ಹೆಜ್ಜೆ ಮುಗಿಯುವವರೆಗೆ ಮುಂದಿನದಕ್ಕೆ ಕೈ ಹಾಕಬಾರದು.

2. ಪರದೆಯ ಮೂಲೆಯಲ್ಲಿರುವ ಸಂಗ್ರಹದ ಗುರುತನ್ನು ಒತ್ತಿ, ಲಾಗಿನ್ ಇದೆಯೇ, ತಾತ್ಕಾಲಿಕವಾಗಿ ನಿಲ್ಲಿಸಲಾಗಿದೆಯೇ, ಜಾಗ ಎಷ್ಟು ಉಳಿದಿದೆ ಎಂದು ನೋಡಬೇಕು. ಅಡ್ಡಿಯ ಕಾರಣವನ್ನು ಬಹುಮಟ್ಟಿಗೆ ಅಲ್ಲಿಯೇ ಬರೆದಿರುತ್ತದೆ.

3. ಹೆಸರಿನಲ್ಲಿ ದೋಷವಿದ್ದರೆ ತಿದ್ದಬೇಕು. ತೆರೆದಿರುವ ಫೈಲನ್ನು ಮುಚ್ಚಬೇಕು.

4. ಜಾಲತಾಣದಲ್ಲಿ ಫೈಲು ಸರಿಯಾಗಿದ್ದು ಗುರುತು ಮಾತ್ರ ತಪ್ಪಾಗಿದ್ದರೆ, ಫೋಲ್ಡರನ್ನು ತೆರೆದು ಎಫ್5 ಕೀಲಿಯನ್ನು ಒತ್ತಬೇಕು. ಬದಲಾಗದಿದ್ದರೆ ಸಿಂಕ್ ಪ್ರೋಗ್ರಾಮನ್ನು ಮುಚ್ಚಿ ಮತ್ತೆ ತೆರೆಯಬೇಕು. ಆಮೇಲೆ ಕಂಪ್ಯೂಟರನ್ನು ಒಮ್ಮೆ ನಿಲ್ಲಿಸಿ ಚಾಲೂ ಮಾಡಬೇಕು. ಪರದೆಯ ಮೇಲೆ ಉಳಿದುಹೋದ ಹಳೆಯ ಗುರುತುಗಳು ಅನೇಕ ವೇಳೆ ಇಷ್ಟಕ್ಕೇ ಸರಿಹೋಗುತ್ತವೆ.

5. ಗುರುತುಗಳು ಪೂರ್ತಿಯಾಗಿ ಮಾಯವಾಗಿದ್ದರೆ ಕಾರಣ ಬೇರೆ ಇರಬಹುದು. ಫೈಲಿನ ಚಿತ್ರದ ಮೇಲೆ ಅಂಟಿಸುವ ಗುರುತುಗಳಿಗೆ ವಿಂಡೋಸ್ ಕೊಡುವ ಸ್ಥಾನಗಳು ಒಟ್ಟು 15 ಮಾತ್ರ. ಅವುಗಳಲ್ಲಿಯೂ ಕೆಲವನ್ನು ಅದು ತನಗೇ ಇರಿಸಿಕೊಳ್ಳುತ್ತದೆ. ಈ ಸ್ಥಾನಗಳು ಹೆಸರಿನ ಅಕಾರಾದಿಯಲ್ಲಿ ಹಂಚಿಕೆಯಾಗುವುದರಿಂದ, ಪಟ್ಟಿಯಲ್ಲಿ ಮುಂದಿರಲೆಂದು ಕೆಲವು ಪ್ರೋಗ್ರಾಂಗಳು ತಮ್ಮ ಹೆಸರಿನ ಮೊದಲಿಗೆ ಖಾಲಿ ಅಕ್ಷರಗಳನ್ನು ಸೇರಿಸಿಕೊಳ್ಳುತ್ತವೆ. ಬಸ್ಸಿನಲ್ಲಿ ಕರವಸ್ತ್ರ ಹಾಸಿ ಸೀಟು ಹಿಡಿಯುವಂತೆಯೇ ಇದು. ಒಂದೇ ಕಂಪ್ಯೂಟರಿನಲ್ಲಿ ಮೂರು ನಾಲ್ಕು ಸಂಗ್ರಹಗಳ ಪ್ರೋಗ್ರಾಂಗಳಿದ್ದರೆ ಕೊನೆಯದಕ್ಕೆ ಸ್ಥಳ ಸಿಗುವುದಿಲ್ಲ. ಬಳಸದ ಪ್ರೋಗ್ರಾಮನ್ನು ತೆಗೆಯುವುದೇ ಇದಕ್ಕೆ ಮದ್ದು. 2017ರಲ್ಲಿ ಬಂದ ವಿಂಡೋಸ್ 10ರ ಪರಿಷ್ಕರಣದಿಂದ ಈಚೆಗೆ ಒನ್‌ಡ್ರೈವಿನ ಸ್ಥಿತಿ ಪ್ರತ್ಯೇಕ ಕಾಲಂನಲ್ಲಿಯೂ ಕಾಣುವುದರಿಂದ ಈ ತೊಂದರೆ ಕಡಿಮೆಯಾಗಿದೆ. ರಿಜಿಸ್ಟ್ರಿ ಎಂಬ ವಿಂಡೋಸಿನ ಒಳಪಟ್ಟಿಯನ್ನು ಅನುಭವವಿಲ್ಲದವರು ಮುಟ್ಟಕೂಡದು.

6. ಇಷ್ಟಾದರೂ ಸರಿಹೋಗದಿದ್ದರೆ ಒನ್‌ಡ್ರೈವನ್ನು ರೀಸೆಟ್ ಮಾಡಬಹುದು. ಇದರಿಂದ ಫೈಲುಗಳು ಅಳಿಯುವುದಿಲ್ಲವೆಂದು ಮೈಕ್ರೋಸಾಫ್ಟ್ ಹೇಳುತ್ತದೆ; ಆದರೆ ಎಲ್ಲ ಫೈಲುಗಳನ್ನೂ ಅದು ಮತ್ತೆ ತಾಳೆ ನೋಡುವುದರಿಂದ ಬಹಳ ಸಮಯ ಹಿಡಿಯಬಹುದು.

7. ಖಾತೆಯನ್ನು ಕಂಪ್ಯೂಟರಿನಿಂದ ಬೇರ್ಪಡಿಸುವುದು, ಪ್ರೋಗ್ರಾಮನ್ನು ಕಿತ್ತುಹಾಕುವುದು ಕಟ್ಟಕಡೆಯ ಉಪಾಯಗಳು.

ಕಟ್ಟಕಡೆಯದನ್ನೇ ಮೊದಲು ಮಾಡಿದರೆ ಏನಾಗಬಹುದೆಂಬುದಕ್ಕೆ 2023ರ ನವೆಂಬರಿನ ಘಟನೆಯೊಂದು ಸಾಕ್ಷಿಯಾಗಿದೆ. ಗೂಗಲ್ ಡ್ರೈವಿನ ಕಂಪ್ಯೂಟರ್ ಪ್ರೋಗ್ರಾಮನ್ನು ಬಳಸುತ್ತಿದ್ದ ಕೆಲವರ ಇತ್ತೀಚಿನ ಫೈಲುಗಳು ಕಾಣದಾದುವು. ಮೇಲೇರದೆ ಉಳಿದ ಫೈಲುಗಳು ಕಂಪ್ಯೂಟರಿನ ಒಂದು ಒಳ ಫೋಲ್ಡರಿನಲ್ಲಿ ಇರುವ ಸಂಭವವಿತ್ತು. ಆದುದರಿಂದ ಖಾತೆಯನ್ನು ಬೇರ್ಪಡಿಸಬೇಡಿ, ಪ್ರೋಗ್ರಾಮಿನ ದತ್ತಾಂಶದ ಫೋಲ್ಡರನ್ನು ಅಳಿಸಬೇಡಿ, ಸಾಧ್ಯವಾದರೆ ಅದರ ನಕಲನ್ನು ಇಟ್ಟುಕೊಳ್ಳಿ ಎಂದು ಗೂಗಲ್ ಬಳಕೆದಾರರಿಗೆ ಸೂಚಿಸಿತು. ಡಿಸೆಂಬರಿನಲ್ಲಿ ಫೈಲುಗಳನ್ನು ಮರಳಿ ಪಡೆಯುವ ಸಾಧನವಿದ್ದ ಹೊಸ ಆವೃತ್ತಿ ಬಂದಿತು. ಆತುರಪಟ್ಟು ಎಲ್ಲವನ್ನೂ ಕಿತ್ತು ಹೊಸದಾಗಿ ಹಾಕಿದವರಿಗೆ ಆ ಸಾಧನದಿಂದ ಪ್ರಯೋಜನವಾಗುವ ಸಂಭವ ಕಡಿಮೆಯಾಗಿತ್ತು ಎಂಬುದನ್ನು ಊಹಿಸಬಹುದು.

ಕಂಪ್ಯೂಟರನ್ನು ರಿಪೇರಿಗೆ ಕೊಡುವಾಗಲೂ ಈ ಎಚ್ಚರ ಅಗತ್ಯ. ಸಿಕಂದರಾಬಾದಿನ ಪಾರ್ಕ್ ಲೇನಿನ ಅಂಗಡಿಗಳಲ್ಲಾಗಲಿ, ಮನೆಯ ಹತ್ತಿರದ ಅಂಗಡಿಯಲ್ಲಾಗಲಿ, 'ಫಾರ್ಮ್ಯಾಟ್ ಮಾಡಬಹುದೇ?' ಎಂದು ಕೇಳಿದಾಗ 'ಎಲ್ಲವೂ ಕ್ಲೌಡಿನಲ್ಲಿದೆ' ಎಂದು ಕೂಡಲೇ ಒಪ್ಪಿಬಿಡುವುದುಂಟು. ಜಾಲತಾಣದಲ್ಲಿ ಕಣ್ಣಾರೆ ನೋಡಿದ ಮೇಲೆ ಮಾತ್ರ ಆ ಮಾತನ್ನು ಹೇಳಬೇಕು.

ಎರಡು ಪಟ್ಟಿಗಳ ಅಪಾಯ

ಗುರುತು ಹಸಿರಾಗಿದ್ದರೂ ಒಳಗೆ ತೊಡಕು ಇರಬಹುದಾದ ಸಂದರ್ಭ ಇನ್ನೊಂದಿದೆ. ಕಾಚಿಗುಡದಲ್ಲಿರುವ ಹಿರಿಯರೊಬ್ಬರು ತಾವು ಸೇವಿಸುವ ಮಾತ್ರೆಗಳ ಪಟ್ಟಿಯನ್ನು ಹಂಚಿಕೊಂಡ ಫೋಲ್ಡರಿನಲ್ಲಿ ಇಟ್ಟಿದ್ದಾರೆ ಎಂದು ಭಾವಿಸಬಹುದು. ವೈದ್ಯರು ರಕ್ತದೊತ್ತಡದ ಮಾತ್ರೆಯ ಪ್ರಮಾಣವನ್ನು ಇಳಿಸುತ್ತಾರೆ. ಇಂಟರ್‌ನೆಟ್ ಇಲ್ಲದ ವೇಳೆಯಲ್ಲಿ ಹಿರಿಯರು ಕಂಪ್ಯೂಟರಿನಲ್ಲಿ ಅದನ್ನು ತಿದ್ದುತ್ತಾರೆ. ಅದೇ ದಿನ ಅಮೆರಿಕದಲ್ಲಿರುವ ಮಗಳು ಅದೇ ಪಟ್ಟಿಯ ಹಳೆಯ ರೂಪಕ್ಕೆ ವಿಟಮಿನ್ ಮಾತ್ರೆಯೊಂದನ್ನು ಸೇರಿಸುತ್ತಾಳೆ. ಇಂತಹ ಸಂದರ್ಭದಲ್ಲಿ ಸಂಗ್ರಹವು ಯಾರ ತಿದ್ದುಪಡಿಯನ್ನೂ ಕಳೆಯದೆ ಎರಡು ಫೈಲುಗಳನ್ನು ಇಟ್ಟುಬಿಡಬಹುದು. ಒಂದರ ಹೆಸರಿನ ಕೊನೆಗೆ ಕಂಪ್ಯೂಟರಿನ ಹೆಸರು ಸೇರಿರುತ್ತದೆ. ಎರಡಕ್ಕೂ ಹಸಿರು ಗುರುತೇ. ತುರ್ತಿನಲ್ಲಿ ಹಳೆಯ ಪ್ರಮಾಣದ ಪಟ್ಟಿಯನ್ನು ತೋರಿಸಿದರೆ ಆಗುವ ಅನರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಪರಿಹಾರ ಕಂಪ್ಯೂಟರಿನದಲ್ಲ, ಕುಟುಂಬದ್ದು. ಮಾತ್ರೆಗಳ ಪಟ್ಟಿಯನ್ನು ಒಬ್ಬರೇ ತಿದ್ದಬೇಕು. ಪಟ್ಟಿಯ ಮೊದಲ ಸಾಲಿನಲ್ಲಿ ತಿದ್ದಿದ ತಾರೀಖು ಇರಬೇಕು. ಒಂದೇ ಹೆಸರಿನ ಎರಡು ಫೈಲುಗಳು ಕಂಡರೆ ಎರಡನ್ನೂ ತೆರೆದು, ಮನೆಯಲ್ಲಿರುವ ವೈದ್ಯರ ಚೀಟಿಯೊಂದಿಗೆ ತಾಳೆ ನೋಡಿ, ಸರಿಯಾದುದನ್ನು ಉಳಿಸಿಕೊಳ್ಳಬೇಕು.

ಪಥ್ಯ

ರೋಗ ಬಾರದಂತೆ ನೋಡಿಕೊಳ್ಳುವುದು ಚಿಕಿತ್ಸೆಗಿಂತ ಮೇಲು. ತಿಂಗಳಿಗೊಮ್ಮೆ, ವಿದ್ಯುತ್ ಬಿಲ್ಲು ಕಟ್ಟುವ ದಿನವೇ ಆಗಲಿ, ಮೇಲೆ ಹೇಳಿದ ಒಂದು ಸಾಲಿನ ಫೈಲಿನ ಪರೀಕ್ಷೆಯನ್ನು ಮಾಡಬೇಕು. ಫೈಲುಗಳಿಗೆ ವರ್ಷ, ತಿಂಗಳು, ದಿನ, ವ್ಯಕ್ತಿಯ ಹೆಸರು, ಪರೀಕ್ಷೆಯ ಹೆಸರು ಈ ಕ್ರಮದಲ್ಲಿ ಅಡ್ಡಗೆರೆಯಿಂದ ಬೇರ್ಪಡಿಸಿದ ಹೆಸರು ಕೊಟ್ಟರೆ ಹುಡುಕುವುದೂ ಸುಲಭ, ದೋಷವೂ ಬಾರದು. ಇತ್ತೀಚಿನ ಡಿಸ್ಚಾರ್ಜ್ ಪತ್ರ, ಕೊನೆಯ ಇ.ಸಿ.ಜಿ., ಮಾತ್ರೆಗಳ ಪಟ್ಟಿ, ಒಗ್ಗದ ಔಷಧಿಗಳ ಹೆಸರು ಈ ನಾಲ್ಕನ್ನು ಮೊಬೈಲಿನಲ್ಲಿ ಇಂಟರ್‌ನೆಟ್ ಇಲ್ಲದೆಯೂ ತೆರೆಯುವಂತೆ ಇಳಿಸಿಟ್ಟುಕೊಳ್ಳಬೇಕು. ಅವುಗಳ ಕಾಗದದ ಪ್ರತಿಯೊಂದು ಪ್ಲಾಸ್ಟಿಕ್ ಚೀಲದಲ್ಲಿ ಮನೆಯಲ್ಲಿಯೂ ಇರಲಿ.

ಸಿಂಕ್ ಎಂಬುದು ರಕ್ಷಣೆಯ ಪ್ರತಿಯಲ್ಲ ಎಂಬುದನ್ನೂ ನೆನಪಿಡಬೇಕು. ಒಂದು ಕಡೆ ಅಳಿಸಿದ ಫೈಲು ಎಲ್ಲ ಕಡೆಯೂ ಅಳಿಯುತ್ತದೆ. ಗೂಗಲ್ ಡ್ರೈವ್ ಹಾಗೂ ವೈಯಕ್ತಿಕ ಒನ್‌ಡ್ರೈವ್ ಖಾತೆಯ ಕಸದ ಬುಟ್ಟಿಯಲ್ಲಿ ಅದು ಸಾಮಾನ್ಯವಾಗಿ 30 ದಿನ ಉಳಿದಿರುತ್ತದೆ; ಆ ಮೇಲೆ ಸಿಗುವುದಿಲ್ಲ. ಆದುದರಿಂದ ಪೆನ್‌ಡ್ರೈವಿನ ಪ್ರತಿ ಅನಾವಶ್ಯಕವಲ್ಲ.

ಸರ್ಕಾರದ ವ್ಯವಸ್ಥೆಗೂ ಇದೇ ವಿವೇಕ ಸಲ್ಲುತ್ತದೆ. 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ ಮೂಲಕ 14 ಅಂಕಿಗಳ 'ಆಭಾ' ಸಂಖ್ಯೆ ದೊರೆಯುತ್ತದೆ. ಸಂಖ್ಯೆ ದೊರೆತ ಮಾತ್ರಕ್ಕೆ ಹಳೆಯ ವರದಿಗಳೆಲ್ಲ ತಾವಾಗಿಯೇ ಅದರೊಳಗೆ ಬಂದು ಸೇರುವುದಿಲ್ಲ. ಯೋಜನೆಯಲ್ಲಿ ಸೇರಿದ ಆಸ್ಪತ್ರೆಯು ದಾಖಲೆಯನ್ನು ಜೋಡಿಸಿರಬೇಕು. ಜೋಡಿಸಿದೆಯೇ ಎಂದು ತೆರೆದು ನೋಡಿಯೇ ತಿಳಿಯಬೇಕು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ಹೇಳಿದ್ದಾರೆ. ಹಾಗೆಂದು ಹಾಲನ್ನೇ ಬಿಡಬೇಕೆಂದು ಅವರು ಹೇಳಲಿಲ್ಲ. ನೋಡಿ ಕೊಳ್ಳಿರೆಂದು ಹೇಳಿದರು. ಹಸಿರು ಗುರುತು ಉಪಯುಕ್ತವಾದ ಸೂಚನೆ, ಆದರೆ ಸಾಕ್ಷಿ ಫೈಲೇ. ವರ್ಷಗಳ ಕಾಲ ಕೂಡಿಟ್ಟ ವರದಿಗಳು ಬೇಕಾದ ಗಳಿಗೆಯಲ್ಲಿ ವೈದ್ಯರ ಕೈಸೇರಬೇಕಾದರೆ, ಮನೆಯಲ್ಲಿ ಒಬ್ಬರಾದರೂ ತಿಂಗಳಿಗೊಮ್ಮೆ ಐದು ನಿಮಿಷ ಬಿಡುವು ಮಾಡಿಕೊಂಡು ಫೈಲನ್ನು ತೆರೆದು ನೋಡುವ ಅಭ್ಯಾಸವನ್ನು ಬೆಳೆಸಿಕೊಳ್ಳುವುದು ಒಳಿತು.